ಎಡ ಭುಜ

ಭಾನುವಾರ, ಬೆಳಗಿನ ಹತ್ತು ಗಂಟೆ

ನನ್ನ ಸಿಡುಕಮ್ಮನಿಗೆ, ನೀನು ಒಲ್ಲೆ ಎಂದರೂ ಅಮ್ಮನ ಮುದ್ದು.

ಎಂಟು ದಿನದಿಂದ ನೀನು ಫೋನಿಗೆ ಬರುತ್ತಿಲ್ಲ. "ಕೇಳಿದ್ದಕ್ಕೆ ನೀನು ಉತ್ತರ ಕೊಡೋವರೆಗೂ ಮಾತಾಡಲ್ವಂತೆ, ರಜಕ್ಕೂ ಬರಲ್ವಂತೆ" ಎಂದು ನಿನ್ನ ದೊಡ್ಡಮ್ಮ ಹೇಳಿದಳು. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ, ಕಥೆ ಅಲ್ಲಿಗೇ ಮುಗಿಯುತ್ತದೆ.

ನಿಮ್ಮ ಶಾಲೆಗೂ ನನ್ನ ಶಾಲೆಗೂ ನಡೆದ ಪಂದ್ಯ ಮುಗಿದ ಮೇಲೆ ನಲ್ಲಿಯ ಹತ್ತಿರ ನೀನು ಕೇಳಿದ್ದು ಒಂದೇ ಮಾತು. ಬಲಕ್ಕೆ ತಿರುಗುವ ಮೊದಲು ನಿನ್ನ ಎಡ ಭುಜ ಇಳಿಯುತ್ತದೆ ಎಂದು ನಮ್ಮ ಹುಡುಗಿಯರಿಗೆ ಹೇಳಿಕೊಟ್ಟವರು ಯಾರು? ನಾನು ಚೀಲದಲ್ಲಿದ್ದ ಚೆಂಡುಗಳನ್ನು ಎಣಿಸುವವಳಂತೆ ನಟಿಸಿದೆ. ಇದ್ದದ್ದು ನಾಲ್ಕೇ ಚೆಂಡು.

ನಮ್ಮ ತಂಡದ ಕನ್ನಡಕದ ಹುಡುಗಿಯನ್ನು ನೀನು ನೋಡಿದ್ದೀಯ. ನಿಮ್ಮ ಹಿಂದಿನ ಪಂದ್ಯಕ್ಕೆ ಅವಳನ್ನು ಕರೆದುಕೊಂಡು ಬಂದಿದ್ದೆ. ಬಲು ಚುರುಕು. ಅವಳೇ ಕಂಡುಹಿಡಿದಳು.

ದೊಡ್ಡಮ್ಮ ಈ ಕಾಗದ ಓದದೆ ಬಿಡುವವಳಲ್ಲ, ಅವಳಿಗಾಗಿ ಬಿಡಿಸಿ ಹೇಳುತ್ತೇನೆ. ಫ್ಲ್ಯಾಗ್ ಫುಟ್‌ಬಾಲಿನಲ್ಲಿ ಯಾರೂ ಯಾರನ್ನೂ ಕೆಡವುವಂತಿಲ್ಲ. ಎಲ್ಲರ ಸೊಂಟದ ಬೆಲ್ಟಿಗೂ ಬಣ್ಣದ ಪಟ್ಟಿ ನೇತಾಡುತ್ತಿರುತ್ತದೆ. ಚೆಂಡು ಹಿಡಿದು ಓಡುವವಳ ಪಟ್ಟಿ ಕಿತ್ತರೆ ಅವಳ ಓಟ ಅಲ್ಲಿಗೆ ನಿಂತಿತು. ಆದ್ದರಿಂದ ಅವಳು ಯಾವ ಕಡೆ ತಿರುಗುತ್ತಾಳೆ ಎಂದು ಅರೆಗಳಿಗೆ ಮೊದಲೇ ಗೊತ್ತಾಗಬೇಕು. "ಚೆಂಡು ನೋಡ್ಬೇಡಿ, ಕಣ್ಣು ನೋಡ್ಬೇಡಿ, ಸೊಂಟ ನೋಡಿ" ಎಂದು ನಾನು ಗಂಟಲು ಹರಿದುಕೊಳ್ಳುವುದು ಅದಕ್ಕೇ.

ವರ್ಷದ ಮೊದಲಲ್ಲಿ ಈ ಹುಡುಗಿಯರು ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದರು. ಕಾಪಾಡುವ ಜಾಗ ಬಿಟ್ಟು ಎಲ್ಲರೂ ಒಂದೇ ಕಡೆ ನುಗ್ಗುತ್ತಿದ್ದರು. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಒಬ್ಬಳು ತಪ್ಪಿಸಿಕೊಳ್ಳುವುದು, ಇನ್ನೊಬ್ಬಳು ಕೀಳುವುದು, ದಿನಕ್ಕೆ ನಲವತ್ತು ಸಲ ಮಾಡಿಸಿದೆ. ಮೂರು ವರ್ಷದಲ್ಲಿ ನಾವು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಈ ಸಲವೂ ಸೋತರೆ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ ಎಂದು ಹೆಡ್‌ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ನನ್ನ ಜಾಗದಲ್ಲಿ ನೀನಿದ್ದಿದ್ದರೆ ಏನು ಮಾಡುತ್ತಿದ್ದೆ, ಹೇಳು.

"ನಿನ್ನ ಶಾಲೇಲಿ ನಾನು ಬರೀ ಟೀಚರ್ ಮಗಳು" ಎಂದು ಹಟ ಹಿಡಿದು ನೀನು ದೊಡ್ಡಮ್ಮನ ಊರಿನ ಶಾಲೆಗೆ ಸೇರಿದಾಗ ನನಗೆ ಬೇಜಾರಾಗಿತ್ತು. ಅಲ್ಲಿ ನೀನು ಓಡುವುದನ್ನು ನೋಡಿದ ಮೇಲೆ ಆ ಬೇಜಾರು ಹೋಯಿತು. ನಿನ್ನಷ್ಟು ಚೆನ್ನಾಗಿ ತಪ್ಪಿಸಿಕೊಳ್ಳುವವಳು ನನ್ನ ತಂಡದಲ್ಲಿ ಒಬ್ಬಳೂ ಇಲ್ಲ.

ಅವತ್ತು ನಮ್ಮ ಹುಡುಗಿಯರು ಐದು ಸಲ ನಿನ್ನ ಪಟ್ಟಿ ಕಿತ್ತರು. ಐದನೆಯ ಸಲ ನೀನು ಕಿತ್ತವಳನ್ನು ನೋಡಲಿಲ್ಲ, ಗೆರೆಯಾಚೆ ನಿಂತಿದ್ದ ನನ್ನನ್ನು ನೋಡಿದೆ. ಗೆದ್ದ ಹುಡುಗಿಯರು ಬಂದು ತಬ್ಬಿಕೊಂಡಾಗಲೂ ನಾನು ನಿನ್ನನ್ನೇ ಹುಡುಕುತ್ತಿದ್ದೆ.

ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡು. ಒಮ್ಮೆ ಎಡ ಭುಜ ಇಳಿಸಿ ಎಡಕ್ಕೇ ಹೋಗು, ಒಮ್ಮೆ ಬಲಕ್ಕೆ. ಒಂದು ತಿಂಗಳಲ್ಲಿ ನಿನ್ನನ್ನು ಯಾರೂ ಹಿಡಿಯಲಾರರು. ಹೊತ್ತಿಗೆ ಸರಿಯಾಗಿ ಊಟ ಮಾಡು, ದೊಡ್ಡಮ್ಮನಿಗೆ ಎದುರಾಡಬೇಡ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಕನ್ನಡಕದ ಹುಡುಗಿ ಏನನ್ನೂ ಕಂಡುಹಿಡಿಯಲಿಲ್ಲ. ಪಾಪ, ಆ ಮಗುವಿನ ಮೇಲೆ ಹಾಕಿದೆ. ಹೇಳಿಕೊಟ್ಟದ್ದು ನಾನು. ಮೂರು ವರ್ಷದವಳಿದ್ದಾಗ ಸ್ನಾನಕ್ಕೆ ಕರೆದರೆ ನೀನು ಮನೆಯೆಲ್ಲ ಓಡುತ್ತಿದ್ದೆ. ಎಡ ಭುಜ ಇಳಿಯಿತೆಂದರೆ ಬಲಕ್ಕೆ ತಿರುಗುತ್ತೀಯ ಎಂದು ನನಗೆ ಆಗಲೇ ಗೊತ್ತಿತ್ತು. ಎತ್ತಿಕೊಂಡಾಗ "ಹೆಂಗೆ ಗೊತ್ತಾಯ್ತು ಅಮ್ಮಾ?" ಎಂದು ನೀನು ನಗುತ್ತಿದ್ದೆ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ನಿನ್ನ ಅಪ್ಪನಿಗೂ. ಈಗ ಹನ್ನೆರಡು ಹುಡುಗಿಯರಿಗೆ ಗೊತ್ತು.