ಮುಂದಿನ ಚಕ್ರದ ಪೆಟ್ಟು

ಜುಲೈ ೯, ಮಂಗಳವಾರ

ಆ ಸದ್ದು ಇನ್ನೂ ಕಿವಿಯಲ್ಲಿದೆ. ನೆಲದಲ್ಲೂ ನೀರಲ್ಲೂ ಓಡುವ ನಮ್ಮ ಸೇನಾ ವಾಹನ ಇವತ್ತು ಪರೀಕ್ಷೆಗೆಂದು ಕೆರೆಗಿಳಿಯಿತು. ನಾನು ವಿನ್ಯಾಸ ಮಾಡಿದ ಟೊಳ್ಳು ಚಕ್ರಗಳು ಅದನ್ನು ಬೆಂಡಿನ ಹಾಗೆ ತೇಲಿಸಿದವು. ಹಿಗ್ಗುವಷ್ಟರಲ್ಲಿ, ದಡ ಹತ್ತುವಾಗ ಮುಂದಿನ ಚಕ್ರ ಬಂಡೆಗೆ ಬಡಿದು ಧಡ್ ಎಂದಿತು. ಕುಲುಕಾಟ ತಡೆಯಲೆಂದು ಚಕ್ರಗಳ ಮೇಲೆ ನಾನೇ ಕೂರಿಸಿದ ಸ್ಪ್ರಿಂಗಿನ ಸಸ್ಪೆನ್ಷನ್ ಆ ಪೆಟ್ಟನ್ನು ನುಂಗಲಿಲ್ಲ. ಒಳಗೆ ಕೂತು ಓಡಿಸುತ್ತಿದ್ದವರು ನಮ್ಮ ಮನೆಯವರು.

ಇಳಿದು ಬಂದು ಎಲ್ಲರ ಮುಂದೆ, "ಹೂವಿನ ಹಾಗೆ ಹತ್ತಿತು" ಅಂದರು. ಮನೆಗೆ ಬಂದ ಮೇಲೆ ಬೂಟು ಬಿಚ್ಚಲು ಬಗ್ಗಲಾಗಲಿಲ್ಲ. ನಾನೇ ಬಿಚ್ಚಿದೆ.

"ಯಾಕೆ ಸುಳ್ಳು ಹೇಳಿದ್ರಿ?"

"ನಿಜ ಹೇಳಿದ್ರೆ ನಿನ್ನ ಇಷ್ಟು ವರ್ಷದ ಕೆಲಸ ನೀರುಪಾಲಾಗ್ತಿತ್ತಲ್ಲ."

"ಕೆಲಸ ಇನ್ನೊಂದ್ಸಲ ಮಾಡ್ತೀನಿ. ನಿಮ್ಮ ಬೆನ್ನು ಎಲ್ಲಿಂದ ತರ್ಲಿ?"

ಅವರ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟು, ಅವರೆದುರಿಗೇ ನಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿದೆ. ನನ್ನ ಸಸ್ಪೆನ್ಷನ್ ಸಾಲದು, ಪರೀಕ್ಷೆ ನಿಲ್ಲಿಸಿ ಅಂದೆ. "ಯೋಚನೆ ಮಾಡಿ ಹೇಳ್ತಿದ್ದೀರಾ?" ಅಂದರು. ಹೌದು ಅಂದೆ. ನಿಲ್ಲಿಸಲು ಒಪ್ಪಿದರು. ಅಳು ಬರಬೇಕಿತ್ತು, ಎದೆ ಹಗುರಾಯಿತು.

ಇಷ್ಟು ಬರೆಯುವಾಗ ಮಂಚದಿಂದ ದನಿ ಬಂತು: "ಹೊಸ ಸಸ್ಪೆನ್ಷನ್ ತೀರಾ ಮೆತ್ತಗೆ ಮಾಡ್ಬೇಡ ಕಣೇ, ಕೆರೆ ಮಧ್ಯೆ ನಿದ್ದೆ ಬಂದ್ಬಿಡುತ್ತೆ."

ನಕ್ಕರೆ ಬೆನ್ನು ನೋಯುತ್ತಂತೆ. ಆದರೂ ನಗುತ್ತಿದ್ದಾರೆ. ಸಾಕು, ದೀಪ ಆರಿಸುತ್ತೇನೆ.