ಬೀಗ ಹಾಕಿದ ಖಾನಾವಳಿ

ಹುಮನಾಬಾದ್, ಎಳ್ಳ ಅಮಾವಾಸ್ಯೆ

ಅಣ್ಣನಿಗೆ ನಮಸ್ಕಾರ. ನಮ್ಮ ಹೋಟೆಲಿಗೆ ಹೊಸ ಅಡುಗೆ ಹುಡುಕಲು ಬಂದವನಿಗೆ ಇಂದು ಊರೆಲ್ಲ ಬೀಗವೇ ಕಂಡಿತು. ಬಸವಕಲ್ಯಾಣದವರು ಬಾಯಿತುಂಬ ಹೊಗಳಿ ಕಳಿಸಿದ್ದ ಇಲ್ಲಿನ ಗುಂಡಪ್ಪನವರ ಖಾನಾವಳಿಯೂ ಮುಚ್ಚಿತ್ತು. ಎಳ್ಳ ಅಮಾವಾಸ್ಯೆಗೆ ಇಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗಿ, ದಾರಿಹೋಕರನ್ನೂ ಕರೆದು ಉಣ್ಣುತ್ತದಂತೆ. ಹಸಿದು ಊರಾಚೆ ನಡೆದರೆ ಹೊಲದಿಂದ ಒಬ್ಬ ಅಜ್ಜಿ, "ಬರ್ರಿ, ಉಂಡು ಹೋಗ್ರಿ" ಎಂದು ಕೂಗಿದರು. ಸಜ್ಜೆ ರೊಟ್ಟಿ, ಅಂಬಲಿ, ಜೊತೆಗೆ ಭಜ್ಜಿ. ನಮ್ಮ ಕಡೆಯ ಕರಿದ ಬಜ್ಜಿಯಲ್ಲ. ಹಸಿ ಕಾಳು, ಸೊಪ್ಪು, ಹುಣಸೆಹುಳಿ ಹಾಕಿ ಕುದಿಸಿದ್ದು. ನಾಚಿಕೆ ಬಿಟ್ಟು ಮತ್ತೆ ಮತ್ತೆ ಹಾಕಿಸಿಕೊಂಡೆ. ಪಕ್ಕದಲ್ಲಿ ಉಣ್ಣುತ್ತಿದ್ದವರೇ ಆ ಗುಂಡಪ್ಪನವರೆಂದು ತಿಳಿದಾಗ, ಖಾನಾವಳಿ ಯಾಕೆ ಮುಚ್ಚಿದಿರಿ ಎಂದು ಕೇಳಿದೆ.

"ಇವತ್ತ ನಾ ಉಣ್ಣಾಂವ್ರಿ, ಬಡಸಾಂವಲ್ಲ" ಎಂದು ಇನ್ನೊಂದು ರೊಟ್ಟಿ ಮುರಿದರು.

ಭಜ್ಜಿ ಮಾಡುವುದನ್ನು ಕಲಿಯದೆ ಇಲ್ಲಿಂದ ಹೊರಡುವುದಿಲ್ಲ. ಹೊಟ್ಟೆ ಸರಿಯಾಗಿದೆ, ಸ್ವಲ್ಪ ನೆಗಡಿ ಅಷ್ಟೆ. ನಿನ್ನ ಮದುವೆಯ ದಿನವೂ ಹೋಟೆಲು ತೆರೆದವನು ನೀನು, ಬೈಯುತ್ತೀಯ ಎಂದು ಗೊತ್ತು. ಆದರೂ ಮುಂದಿನ ಎಳ್ಳ ಅಮಾವಾಸ್ಯೆಗೆ ನಮ್ಮ ಬಾಗಿಲಿಗೂ ಬೀಗ ಹಾಕಿಯೇ ಹಾಕುತ್ತೇನೆ. ದಿನವೂ ಒಲೆಯ ಮುಂದೆ ನಿಂತೇ ಉಣ್ಣುವ ಅತ್ತಿಗೆ ಅಂದು ಕೂತು ಉಣ್ಣಲಿ, ಬಡಿಸುವವರು ನಾವಿಬ್ಬರು.

ನಂಜುಂಡ