ಅಜ್ಜಿಯ ಉಪವಾಸಕ್ಕೊಂದು ಅಪ್ಪಣೆ

ಕುರ್ಲಾ, ಶ್ರಾವಣ, ೧೯೭೧

ನಮ್ಮೂರ ಮಠದ ಸ್ವಾಮಿಗಳ ಪಾದಗಳಿಗೆ,

ನಾವು ವಾಸವಿರುವ ಚಾಳಿನಲ್ಲಿ ತುಂಟನೆಂದೇ ಹೆಸರಾದ ಚಂದ್ರಾಮನ ಸಾಷ್ಟಾಂಗ ನಮಸ್ಕಾರ.

ಅಪ್ಪ ಆಸ್ಪತ್ರೆಯಿಂದ ಎದ್ದು ಬರಲೆಂದು ಅಜ್ಜಿ ಶ್ರಾವಣವಿಡೀ ಉಪವಾಸ ಹಿಡಿದಿದ್ದಾಳೆ. ಸಾಬುದಾಣಿ, ಶೇಂಗಾ, ಬಟಾಟೆ ತಿಂದುಕೊಂಡು ಗಟ್ಟಿಯಾಗಿಯೇ ಇದ್ದಳು. ಕಾಲೇಜಿನಲ್ಲಿ ಕಲಿತದ್ದನ್ನು ನಾನು ಪಂಡಿತನಂತೆ ಮುಖ ಮಾಡಿ ಹೇಳಿದೆ: "ಇವೆಲ್ಲಾ ಅಮೆರಿಕಾದಿಂದ ಬಂದ ಬೆಳಿ ಬೇ ಅಜ್ಜಿ. ನಮ್ಮ ಶಿವಗ ಇವುಗಳ ಗುರುತ ಹತ್ತೂದಿಲ್ಲ."

ಅವಳು ನಗಲಿಲ್ಲ. "ಹಂಗಾದ್ರ ಇಷ್ಟ ದಿನಾ ನನ್ನ ಉಪವಾಸ ಮುರದಂಗ ಆತಲ್ಲೋ" ಎಂದು ತಾಟು ಸರಿಸಿಬಿಟ್ಟಳು. ಈಗ ದಿನಕ್ಕೆ ಅರ್ಧ ಲೋಟ ಹಾಲು ಅಷ್ಟೇ. ನಳದ ತನಕ ಹೋಗಬೇಕಾದರೂ ಗೋಡೆ ಹಿಡಿಯುತ್ತಾಳೆ.

ಸ್ವಾಮಿಗಳೇ, ಅಜ್ಜಿ ತಮ್ಮ ಮಾತನ್ನು ಮಾತ್ರ ಕೇಳುತ್ತಾಳೆ. ಸಾಬುದಾಣಿ ನಡೆಯುತ್ತದೆಂದು ಒಂದು ಕಾರ್ಡು ಬರೆಯಿರಿ. ಶಾಸ್ತ್ರದಲ್ಲಿ ಇಲ್ಲದಿದ್ದರೂ ಬರೆಯಿರಿ. ಆ ಪಾಪ ನನ್ನ ಮೇಲಿರಲಿ.

ಅಂಚೆಯವನ ದಾರಿ ಕಾಯುತ್ತಿರುವ,
ಚಂದ್ರಾಮ